ಆಪ್ತಸಮಾಲೋಚನಾ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ: ಹೊಸ ನಿರ್ದೇಶಕಿಯ ಮೊದಲ ಆದ್ಯತೆ ಯಾವುದಾಗಬೇಕು?

ಪ್ರಶ್ನೆ: ದಕ್ಷಿಣ ಬೆಂಗಳೂರಿನಲ್ಲಿ ಒಂದು ಟ್ರಸ್ಟ್ ನಡೆಸುವ ಆಪ್ತಸಮಾಲೋಚನಾ ಕೇಂದ್ರದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈಗ ನಿರ್ದೇಶಕಿಯ ಹೊಣೆ ನನಗೆ ಬಂದಿದೆ. ನಮ್ಮಲ್ಲಿ ಹನ್ನೆರಡು ಮಂದಿ ಸಮಾಲೋಚಕರಿದ್ದಾರೆ. ಇಬ್ಬರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟರು, ಉಳಿದವರು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು; ಹೆಚ್ಚುಕಡಿಮೆ ಎಲ್ಲರೂ ನಗರದಲ್ಲೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಸಾಮಾಜಿಕ ನ್ಯಾಯ ಮತ್ತು ಒಳಗೊಳ್ಳುವಿಕೆಗೆ ಸಂಬಂಧಿಸಿದ ಮೂರು ವರ್ಷಗಳ ಯೋಜನೆಯೊಂದನ್ನು ಟ್ರಸ್ಟಿಗಳು ಕೇಳಿದ್ದಾರೆ. "ನಮ್ಮ ಕೆಲಸ ವ್ಯಕ್ತಿಯ ಮನಸ್ಸಿನೊಂದಿಗೆ, ಅದರೊಳಗೆ ಜಾತಿ, ರಾಜಕೀಯ ತರುವುದು ಬೇಡ" ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಹಣವೂ ಹೆಚ್ಚಿಲ್ಲ. ನನ್ನಂಥವರು ಯಾವುದಕ್ಕೆ ಮೊದಲ ಆದ್ಯತೆ ಕೊಡಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ಹಣ ಹೆಚ್ಚಿಲ್ಲದಿರುವಾಗ ಮೊದಲ ವರ್ಷ ಅದನ್ನು ಅರಿವು ಮೂಡಿಸುವ ಕಾರ್ಯಾಗಾರಗಳಿಗೆ ಖರ್ಚು ಮಾಡಬೇಡಿ. ನಿಮ್ಮಲ್ಲಿಗೆ ತರಬೇತಿಗೆ ಬರುವ ಹೊಸಬರಿಗೆ ಸ್ಟೈಪೆಂಡ್ ಕೊಡಲು, ಅವರಿಗೆ, ತಾವು ನಡೆಸುವ ಕೇಸುಗಳನ್ನು ಹಿರಿಯರೊಂದಿಗೆ ಚರ್ಚಿಸಿ ಕಲಿಯಲು, ಒಳ್ಳೆಯ ಸೂಪರ್‌ವಿಷನ್ ಒದಗಿಸಲು ಬಳಸಿ. ಶುಲ್ಕ, ಭಾಷೆ, ಪರೀಕ್ಷಾ ವರದಿ, ದೂರು ವ್ಯವಸ್ಥೆ ಎಲ್ಲವೂ ಮುಖ್ಯವೇ. ಆದರೆ ಕೇಂದ್ರದೊಳಗೆ ಕುಳಿತು ತೀರ್ಮಾನಿಸುವವರೆಲ್ಲ ಒಂದೇ ಬಗೆಯ ಮನೆಗಳಿಂದ, ಒಂದೇ ಬಗೆಯ ಶಾಲೆಗಳಿಂದ ಬಂದವರಾಗಿರುವ ತನಕ, ಅವರು ಕೈಗೊಳ್ಳುವ ಸುಧಾರಣೆಗಳು ಹೊರಗಿನವರ ಕಷ್ಟವನ್ನು ಊಹಿಸಿಕೊಂಡು ಮಾಡಿದ ಏರ್ಪಾಡುಗಳಾಗಿಯೇ ಉಳಿಯುತ್ತವೆ.

ಸಹೋದ್ಯೋಗಿಗಳ ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಮನಶ್ಶಾಸ್ತ್ರವು ಸಮಾಜದ ಏರುಪೇರುಗಳಿಂದ ದೂರ ನಿಂತ ವಿದ್ಯೆಯಾಗಿ ಎಂದೂ ಇರಲಿಲ್ಲ. ಅಮೆರಿಕದಲ್ಲಿ ಮ್ಯಾಮಿ ಮತ್ತು ಕೆನೆತ್ ಕ್ಲಾರ್ಕ್ ದಂಪತಿ ಗೊಂಬೆಗಳನ್ನು ಬಳಸಿ ಕಪ್ಪು ಮಕ್ಕಳೊಂದಿಗೆ ನಡೆಸಿದ ಅಧ್ಯಯನಗಳು, ಶಾಲೆಗಳಲ್ಲಿನ ಜನಾಂಗೀಯ ಪ್ರತ್ಯೇಕತೆಯನ್ನು ರದ್ದುಗೊಳಿಸಿದ 1954ರ ಬ್ರೌನ್ ಪ್ರಕರಣದಲ್ಲಿ ನ್ಯಾಯಾಲಯದ ಮುಂದೆ ಬಂದವು. ಅದೇ ದೇಶದಲ್ಲಿ ಅದೇ ಶಾಸ್ತ್ರದ ಬುದ್ಧಿಮತ್ತೆ ಪರೀಕ್ಷೆಗಳು ಕಪ್ಪು ಜನರನ್ನೂ ವಲಸಿಗರನ್ನೂ ಕೀಳೆಂದು ತೋರಿಸುವ ವಾದಗಳಿಗೆ ಆಧಾರವಾಗಿ ಬಳಕೆಯಾದವು. ಅಲ್ಲಿನ ಮನಶ್ಶಾಸ್ತ್ರಜ್ಞರ ವೃತ್ತಿಸಂಘದ ಧೋರಣೆಯಿಂದ ಬೇಸತ್ತ ಕಪ್ಪು ಮನಶ್ಶಾಸ್ತ್ರಜ್ಞರು 1968ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಆ ವೃತ್ತಿಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಜನಾಂಗೀಯ ತಾರತಮ್ಯವನ್ನು ಪೋಷಿಸುವುದರಲ್ಲಿ ತನ್ನ ಪಾಲೂ ಇತ್ತೆಂದು ಒಪ್ಪಿ ಕ್ಷಮೆ ಕೋರಿದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟು ದೊಡ್ಡ ಸಂಸ್ಥೆಗೆ ಆ ಮಾತು ಹೇಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು, ನಾಯಕತ್ವದ ಕುರಿತು ಮಾತನಾಡುವ ನಾವು ಗಮನದಲ್ಲಿಡಬೇಕು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೇ ಪ್ರಕರಣವು (ಸೆಕ್ಷನ್) ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ಅಂಗವೈಕಲ್ಯ ಇವುಗಳ ಆಧಾರದ ಮೇಲೆ ಭೇದ ಮಾಡದೆ, ಕೈಗೆಟಕುವ ವೆಚ್ಚದಲ್ಲಿ, ಒಳ್ಳೆಯ ಗುಣಮಟ್ಟದ ಆರೈಕೆ ದೊರೆಯಬೇಕೆಂದು ಹೇಳುತ್ತದೆ. ವ್ಯಕ್ತಿಯ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನವನ್ನಾಗಲಿ, ಆತ ತನ್ನ ಸಮುದಾಯದ ನೈತಿಕ ಅಥವಾ ಧಾರ್ಮಿಕ ಕಟ್ಟುಪಾಡುಗಳಿಗೆ ಒಗ್ಗದಿರುವುದನ್ನಾಗಲಿ ಮನೋರೋಗದ ನಿರ್ಣಯಕ್ಕೆ ಆಧಾರ ಮಾಡಿಕೊಳ್ಳಬಾರದೆಂದು 3ನೇ ಪ್ರಕರಣ ವಿಧಿಸುತ್ತದೆ. 18ನೇ ಪ್ರಕರಣದ ಹಕ್ಕನ್ನು ಮುಖ್ಯವಾಗಿ ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳ ಮುಂದೆ ಮಂಡಿಸಬಹುದು ಎಂಬುದು ನಿಜ. ನಿಮ್ಮ ಟ್ರಸ್ಟಿನ ವಕೀಲರು ಈ ಮಾತನ್ನು ಎತ್ತಿಯೇ ಎತ್ತುತ್ತಾರೆ. ಆದರೂ ಸಂಸತ್ತು ಅಳತೆಗೋಲೊಂದನ್ನು ಕೊಟ್ಟಿರುವಾಗ, ಜಾತಿಯ ಮಾತು ಸಮಾಲೋಚನೆಗೆ ಹೊರಗಿನದೆಂಬ ವಾದ ನಿಲ್ಲುವುದಿಲ್ಲ. ಸಹೋದ್ಯೋಗಿಗಳೊಂದಿಗೆ ಇದನ್ನು ವಾಗ್ವಾದಕ್ಕೆ ಎಳೆಯುವ ಬದಲು ಆ ಎರಡು ಪ್ರಕರಣಗಳನ್ನು ಒಟ್ಟಿಗೆ ಓದಿ.

ಈಗ ಈ ವೃತ್ತಿಗೆ ಪ್ರವೇಶ ಪಡೆಯುವ ವಿಷಯ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ದೀರ್ಘಕಾಲ ಮುಖ್ಯ ದಾರಿಯಾಗಿತ್ತು. ಈ ಶಿಕ್ಷಣ ನಮ್ಮ ನಗರದಲ್ಲೇ, ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಆರಂಭವಾಯಿತು. ಸರ್ಕಾರಿ ಸಂಸ್ಥೆಗಳಲ್ಲಿ ಮೀಸಲಾತಿ ಇದೆ, ಸೀಟುಗಳು ಮಾತ್ರ ಬೆರಳೆಣಿಕೆಯಷ್ಟು. ಖಾಸಗಿ ಸಂಸ್ಥೆಗಳಲ್ಲಿ ಶುಲ್ಕ ಲಕ್ಷಗಳ ಲೆಕ್ಕದಲ್ಲಿದೆ. ಎಂ.ಎಸ್ಸಿ. ಮುಗಿಸಿ ಸಮಾಲೋಚಕರಾಗಬಯಸುವವರಿಗೆ ಇನ್ನೊಂದು ಅಡ್ಡಗೋಡೆಯಿದೆ: ಸಂಬಳವಿಲ್ಲದ ಇಂಟರ್ನ್‌ಶಿಪ್. ಕೆಲವೆಡೆ ಇಂಟರ್ನ್‌ಶಿಪ್‌ಗೆ ಅಭ್ಯರ್ಥಿಯಿಂದಲೇ ಹಣ ಪಡೆಯುತ್ತಾರೆ. ಅದರ ಮೇಲೆ ಸೂಪರ್‌ವಿಷನ್ನಿಗೆ ಪ್ರತ್ಯೇಕ ಶುಲ್ಕ, ಕೌಶಲದ ಸರ್ಟಿಫಿಕೇಟ್ ಕೋರ್ಸಿಗೆ ಬೇರೆ ಶುಲ್ಕ. ಊರಿನಿಂದ ಬಂದು ಪಿ.ಜಿ.ಯಲ್ಲಿ ಬಾಡಿಗೆ ಕಟ್ಟಿಕೊಂಡು, ಮನೆಗೂ ಅಷ್ಟಿಷ್ಟು ಕಳುಹಿಸಬೇಕಾದ ಯುವತಿಯೊಬ್ಬಳು ಇಷ್ಟನ್ನೆಲ್ಲ ದಾಟುವಷ್ಟರಲ್ಲಿ ಶಾಲೆಯ ಕೆಲಸಕ್ಕೋ ಮಾನವ ಸಂಪನ್ಮೂಲ ವಿಭಾಗದ ಕೆಲಸಕ್ಕೋ ಸೇರಿಬಿಟ್ಟಿರುತ್ತಾಳೆ. ಉಳಿಯುವವರು ತಂದೆತಾಯಿಯ ಆಸರೆಯಲ್ಲಿ ಎರಡು ಮೂರು ವರ್ಷ ಆದಾಯವಿಲ್ಲದೆ ಇರಬಲ್ಲವರು. ನಿಮ್ಮ ತಂಡ ಈಗಿರುವಂತೆ ಇರಲು ಯಾರ ದುರುದ್ದೇಶವೂ ಕಾರಣವಲ್ಲ. ಈ ಲೆಕ್ಕಾಚಾರವೇ ಸಾಕು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಒಂದು ಶತಮಾನದ ಬಳಿಕ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿಯೂ ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ, ಕನ್ನಡದಲ್ಲೇ ಓದಿದ ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಕೆಲವರು ಸ್ನಾತಕೋತ್ತರ ಪದವಿಯನ್ನೂ ಪಡೆಯುತ್ತಾರೆ. ಆದರೆ ಬೆಂಗಳೂರಿನ ಸಮಾಲೋಚನಾ ಕೇಂದ್ರಗಳ ಉದ್ಯೋಗ ಜಾಹೀರಾತಿನಲ್ಲಿ ನಿರರ್ಗಳ ಇಂಗ್ಲಿಷ್ ಕಡ್ಡಾಯ, ಕನ್ನಡ ಬಂದರೆ ಅನುಕೂಲ ಎಂದಿರುತ್ತದೆ. ಕ್ಲೈಂಟ್‌ಗಳಲ್ಲಿ ಯಾರು ಬರಬೇಕೆಂಬ ತೀರ್ಮಾನ ಆ ಒಂದು ಸಾಲಿನಲ್ಲೇ ಆಗಿಹೋಗುತ್ತದೆ. ಇಂಗ್ಲಿಷ್ ಓದಿ ಗ್ರಹಿಸುವ ಶಕ್ತಿ ಈ ವೃತ್ತಿಗೆ ಬೇಕೇ ಬೇಕು, ಸಂಶೋಧನೆ ಬಹುಪಾಲು ಅದರಲ್ಲಿದೆ. ನಿರರ್ಗಳವಾಗಿ ಮಾತನಾಡುವುದನ್ನು ಸಂದರ್ಶನದಲ್ಲಿ ಅಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ತಂಡದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಅಥವಾ ದಖನಿ, ಹಿಂದಿ ಇವುಗಳಲ್ಲಿ ಥೆರಪಿ ನಡೆಸಬಲ್ಲವರು ಒಟ್ಟಾರೆಯಾಗಿ ಇದ್ದಾರೆಯೇ ಎಂದು ನೋಡುವುದು ನಿರ್ದೇಶಕಿಯ ಕೆಲಸ. ಒಬ್ಬೊಬ್ಬರಲ್ಲೂ ಎಲ್ಲವನ್ನೂ ಹುಡುಕುವುದಲ್ಲ.

ಸ್ಟೈಪೆಂಡ್ ಎಷ್ಟಿರಬೇಕೆಂದರೆ, ನಗರದಲ್ಲಿ ಊಟ, ವಸತಿ, ಬಸ್ಸಿನ ಖರ್ಚು ಕಳೆಯುವಷ್ಟಾದರೂ ಇರಬೇಕು. ಇದಕ್ಕಿಂತ ಕಡಿಮೆಯಾದರೆ ಅದು ಗೌರವಧನವಷ್ಟೇ, ಬಾಗಿಲು ತೆರೆಯುವುದಿಲ್ಲ. ನಾಲ್ವರಿಗೆ ಅರೆಬರೆ ಕೊಡುವ ಬದಲು ಇಬ್ಬರಿಗೆ ಪೂರ್ತಿ ಕೊಡಿ.

ಹೀಗೆ ಬಂದವರನ್ನು ಒಳಗೆ ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದು ಇನ್ನೂ ಕಠಿಣವಾದ ಭಾಗ. ತಂಡದಲ್ಲಿರುವ ಒಬ್ಬರೇ ದಲಿತ ಸಮಾಲೋಚಕರಿಗೆ ಜಾತಿಯ ಪ್ರಶ್ನೆ ಬಂದ ಎಲ್ಲ ಕೇಸುಗಳನ್ನೂ ದಾಟಿಸುವುದು, ಒಬ್ಬರೇ ಮುಸ್ಲಿಂ ಸಮಾಲೋಚಕಿಯನ್ನು ಶಿವಾಜಿನಗರದ ಶಿಬಿರಕ್ಕೆ ಕಾಯಂ ಆಗಿ ನಿಯೋಜಿಸುವುದು, ಒಳಗೊಳ್ಳುವಿಕೆಯ ಸಮಿತಿಯಿದ್ದರೆ ಅದರ ದುಡಿಮೆಯನ್ನೆಲ್ಲ ಅವರ ಮೇಲೆ ಹೊರಿಸುವುದು, ಬಡ್ತಿಯ ಹೊತ್ತಿಗೆ ಇದಾವುದನ್ನೂ ಲೆಕ್ಕಕ್ಕೆ ಹಿಡಿಯದಿರುವುದು: ಇವು ಒಳ್ಳೆಯ ಮನಸ್ಸಿನ ಸಂಸ್ಥೆಗಳಲ್ಲೂ ನಡೆಯುತ್ತವೆ. ಅಂಥ ಕೆಲಸಕ್ಕೆ ಸಮಯ ಮತ್ತು ಸಂಬಳ ಎರಡನ್ನೂ ಕೆಲಸದ ಪಟ್ಟಿಯಲ್ಲೇ ಬರೆಯಬೇಕು. ಜಾತಿಯ ಗಾಯಗಳೊಂದಿಗೆ ಕೆಲಸ ಮಾಡುವುದನ್ನು ಮೇಲ್ಜಾತಿಯ ಸಮಾಲೋಚಕರೂ ಕಲಿಯಲೇಬೇಕು, ಕಲಿಯುವ ಸ್ಥಳ ಸೂಪರ್‌ವಿಷನ್.

ಅದು ಹೇಗೆಂದು ಒಂದು ಕಲ್ಪಿತ ಪ್ರಸಂಗದಿಂದ ಹೇಳುತ್ತೇನೆ. ರಾಯಚೂರಿನ ಕಡೆಯಿಂದ ಬಂದ, ಪರಿಶಿಷ್ಟ ಜಾತಿಗೆ ಸೇರಿದ, ತನ್ನ ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ನಿಮ್ಮಲ್ಲಿಗೆ ಬರುತ್ತಾನೆ. ನಿದ್ದೆಯಿಲ್ಲ, ತರಗತಿಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಹಾಸ್ಟೆಲಿನಲ್ಲಿ ಸಿ.ಇ.ಟಿ. ರ‍್ಯಾಂಕ್ ಕೇಳಿದ ಮೇಲೆ ಸಹಪಾಠಿಗಳು ಮಾತು ಕಡಿಮೆ ಮಾಡಿದರು, ಪ್ರಾಜೆಕ್ಟ್ ಗುಂಪಿಗೆ ಯಾರೂ ಸೇರಿಸಿಕೊಳ್ಳುತ್ತಿಲ್ಲ ಎನ್ನುತ್ತಾನೆ. ಆಲೋಚನೆಯ ದೋಷಗಳನ್ನು ಗುರುತಿಸಿ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ (ಸಿ.ಬಿ.ಟಿ.) ಪಳಗಿದ ಸಮಾಲೋಚಕಿ ರೂಢಿಯಂತೆ, ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ತಾನೇ ಊಹಿಸಿಕೊಳ್ಳುವ ಆಲೋಚನಾ ದೋಷವೆಂದು ಅದನ್ನು ಫೈಲಿನಲ್ಲಿ ಗುರುತಿಸಿ, ನಿನ್ನ ನಂಬಿಕೆಗೆ ಪುರಾವೆ ಏನೆಂದು ಕೇಳುತ್ತಾಳೆ. ತಂತ್ರ ಸರಿಯಾಗಿಯೇ ಇದೆ, ಅದನ್ನು ಹಚ್ಚಿದ ಜಾಗ ತಪ್ಪು. ಹುಡುಗ ಹೇಳುತ್ತಿರುವುದು ನಡೆದ ಸಂಗತಿ. ಅದನ್ನು ಭ್ರಮೆಯ ಪಟ್ಟಿಗೆ ಸೇರಿಸಿದರೆ, ಹಾಸ್ಟೆಲಿನಲ್ಲಿ ಆದ ಅವಮಾನಕ್ಕೆ ಥೆರಪಿ ಕೋಣೆಯಲ್ಲಿ ಇನ್ನೊಂದು ಸೇರಿದಂತಾಗುತ್ತದೆ, ಆತ ಎರಡನೆಯ ಸೆಷನ್‌ಗೆ ಬರುವುದಿಲ್ಲ. ಫೈಲಿನಲ್ಲಿ ಕ್ಲೈಂಟ್ ಮುಂದುವರಿಸಲಿಲ್ಲ ಎಂದಷ್ಟೇ ಉಳಿಯುತ್ತದೆ.

ಇಂಥ ಕೇಸು ಚರ್ಚೆಗೆ ಬಂದಾಗ ಸೂಪರ್‌ವೈಸರ್ ಮೂರು ಸಂಗತಿಗಳನ್ನು ಬಿಡಿಸಿ ಕೇಳಬೇಕಾಗುತ್ತದೆ: ಏನು ನಡೆಯಿತು, ಅದರಿಂದ ಈತ ತನ್ನ ಬಗ್ಗೆ ಯಾವ ತೀರ್ಮಾನಕ್ಕೆ ಬಂದಿದ್ದಾನೆ, ನಡೆದದ್ದನ್ನು ನಿಲ್ಲಿಸಲು ಕಾಲೇಜಿನಲ್ಲಿ ಯಾರ ಬಳಿ ಹೋಗಬಹುದು. ಚಿಕಿತ್ಸೆ ಎರಡನೆಯದಕ್ಕೆ ಸೇರಿದ್ದು. "ನಾನು ಇಲ್ಲಿಗೆ ಯೋಗ್ಯನಲ್ಲ" ಎಂಬ ತೀರ್ಮಾನದ ಮೇಲೆ, ನಿದ್ದೆ ಮತ್ತು ಗಾಬರಿಯ ಮೇಲೆ ಕೆಲಸ ಮಾಡಬೇಕು. ಮೂರನೆಯದನ್ನು ಸಮಾಜಕಾರ್ಯದವರ ಪಾಲೆಂದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ. ಕಾಲೇಜಿನ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಘಟಕಕ್ಕೆ, ವಿದ್ಯಾರ್ಥಿಯ ಒಪ್ಪಿಗೆಯೊಂದಿಗೆ ಮಾತ್ರ, ಪತ್ರ ಬರೆಯಲು ಸಮಾಲೋಚಕಿಗೆ ನಿಮ್ಮ ಕೇಂದ್ರದ ಲಿಖಿತ ಅನುಮತಿ ಇರಲಿ. ಇದಕ್ಕೆ ಸುಪ್ರೀಂ ಕೋರ್ಟಿನ ಬಲವೂ ಇದೆ. 2025ರ ಜುಲೈನಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಸಮಾಲೋಚಕರೊಬ್ಬರನ್ನಾದರೂ ಹೊಂದಿರಬೇಕೆಂದೂ, ಅಂಚಿನ ಸಮುದಾಯಗಳ ವಿದ್ಯಾರ್ಥಿಗಳೊಂದಿಗೆ ಭೇದವಿಲ್ಲದೆ ವರ್ತಿಸಲು ಸಿಬ್ಬಂದಿಗೆ ತರಬೇತಿ ಬೇಕೆಂದೂ ಸೂಚಿಸಿದೆ. ಕಾಲೇಜುಗಳು ಗುತ್ತಿಗೆಗಾಗಿ ನಿಮ್ಮಂಥ ಕೇಂದ್ರಗಳ ಬಳಿ ಬಂದಾಗ, ಆಡಳಿತಕ್ಕೆ ಪತ್ರ ಬರೆಯುವ ಸ್ವಾತಂತ್ರ್ಯವನ್ನು ಒಪ್ಪಂದದಲ್ಲೇ ಸೇರಿಸಿ. ಒಪ್ಪದ ಕಾಲೇಜು ಕೈತಪ್ಪಿದರೆ ಚಿಂತೆಯಿಲ್ಲ.

ಇನ್‌ಟೇಕ್ ಫಾರ್ಮಿನಲ್ಲಿ ಜಾತಿಯ ಕಾಲಂ ಇರಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಬೇಡವೆಂಬುದು ನನ್ನ ಅಭಿಪ್ರಾಯ. ಮೊದಲ ಭೇಟಿಯಲ್ಲೇ, ರಿಸೆಪ್ಷನ್ ಮೇಜಿನ ಮುಂದೆ ಜಾತಿ ಬರೆಯಬೇಕಾದವನಿಗೆ ಅದು ಹಳೆಯ ಅನುಭವಗಳನ್ನೇ ನೆನಪಿಸುತ್ತದೆ. ಆದರೆ ಯಾರು ಬರುತ್ತಿದ್ದಾರೆ, ಯಾರು ಅರ್ಧಕ್ಕೆ ಬಿಡುತ್ತಿದ್ದಾರೆ ಎಂಬುದು ತಿಳಿಯದೆ ಯೋಜನೆ ಮಾಡಲೂ ಆಗದು. ಹೆಸರಿಲ್ಲದ, ಉತ್ತರಿಸಲೇಬೇಕೆಂಬ ಒತ್ತಾಯವಿಲ್ಲದ ವಾರ್ಷಿಕ ಸಮೀಕ್ಷೆಯೊಂದು ಈ ಎರಡಕ್ಕೂ ಹೊಂದುತ್ತದೆ.

ಶುಲ್ಕ ಮತ್ತು ಸಮಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೇ ಗೊತ್ತಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪಾಲು ಶೇ. 70ರಿಂದ 92ರಷ್ಟಿತ್ತು. ಸೆಷನ್ನಿಗೆ ಸಾವಿರ ರೂಪಾಯಿಗೂ ಮೇಲ್ಪಟ್ಟು, ಅದೂ ವಾರದ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಾತ್ರ ದೊರೆಯುವ ಸೇವೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಇದ್ದೂ ಇಲ್ಲದಂತೆ. ಒಂದು ದಿನ ರಜೆ ಹಾಕಿದರೆ ಕೂಲಿಯೂ ಹೋಯಿತು, ಹಾಜರಿ ಭತ್ಯೆಯೂ ಹೋಯಿತು. ಭಾನುವಾರ ತೆರೆದಿರಿ, ಆದಾಯಕ್ಕೆ ತಕ್ಕ ಶುಲ್ಕವಿರಲಿ, ಆದಾಯಕ್ಕೆ ಪುರಾವೆ ಕೇಳಬೇಡಿ. ಸುಳ್ಳು ಹೇಳಿ ಕಡಿಮೆ ಕೊಡುವವರು ಒಂದಿಬ್ಬರು ಇರುತ್ತಾರೆ. ಪುರಾವೆಯ ಕಾಗದ ತರಲು ಹೇಳಿದರೆ ಹಿಂದಿರುಗಿ ಹೋಗುವವರು ಅದಕ್ಕಿಂತ ಹೆಚ್ಚು. ನಿಮ್ಮಲ್ಲಿ ಜಾಗವಿಲ್ಲದಾಗ 14416ಕ್ಕೆ ಕರೆ ಮಾಡಲು ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು, ಶುಲ್ಕವಿಲ್ಲ.

ಇದರೊಂದಿಗೆ ಬಳ್ಳಾರಿಯನ್ನು ನೆನೆಯಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಗಳ ಆರೈಕೆಯನ್ನು ಹಳ್ಳಿಯ ಮಟ್ಟಕ್ಕೆ ಒಯ್ಯಬಹುದೆಂದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಜ್ಞರ ಬಳಿಯಿರುವ ತಿಳಿವಳಿಕೆಯಲ್ಲಿ ಎಷ್ಟನ್ನು ಆಶಾ ಕಾರ್ಯಕರ್ತೆಯರಿಗೆ, ಕಾರ್ಮಿಕ ಸಂಘದ ಹೆಣ್ಣುಮಕ್ಕಳಿಗೆ ಕಲಿಸಬಹುದು ಎಂದು ಯೋಚಿಸುವಾಗ ನಮ್ಮವರಿಗೆ ಗುಣಮಟ್ಟದ ಆತಂಕ ಕಾಡುತ್ತದೆ. ಆತಂಕ ಸಕಾರಣವೇ ಇರಬಹುದು, ಆದರೆ ಅದರ ಜೊತೆಗೆ ವೃತ್ತಿಯ ಗಡಿ ಕಾಯುವ ಆಸೆಯೂ ಬೆರೆತಿರುತ್ತದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮಕ್ಕಳ ಪರೀಕ್ಷೆಗಳ ವಿಷಯದಲ್ಲಿ ನಿಮ್ಮ ಇಬ್ಬರು ಕ್ಲಿನಿಕಲ್ ಸೈಕಾಲಜಿಸ್ಟರೊಂದಿಗೆ ಪ್ರತ್ಯೇಕವಾಗಿ ಕುಳಿತು ಮಾತನಾಡಿ. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬುದ್ಧಿಮತ್ತೆ ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಸ್ವಾತಂತ್ರ್ಯಪೂರ್ವದ ಮಕ್ಕಳೊಂದಿಗೆ ಸಿದ್ಧಪಡಿಸಿದ ಮಾನದಂಡದ ಮುಂದೆ ಇಂದಿನ ಕೊಳೆಗೇರಿಯ ಮಗುವನ್ನಾಗಲಿ, ವಿದೇಶಿ ಮಾನದಂಡದ ಮುಂದೆ ಸರ್ಕಾರಿ ಶಾಲೆಯ ಮಗುವನ್ನಾಗಲಿ ನಿಲ್ಲಿಸಿ ಬರೆದ ಅಂಕೆಯೊಂದು ಆ ಮಗುವಿನ ಶಾಲೆ, ಅಂಗವೈಕಲ್ಯದ ಪ್ರಮಾಣಪತ್ರ, ಪಿಂಚಣಿ ಎಲ್ಲವನ್ನೂ ನಿರ್ಧರಿಸಬಲ್ಲದು. ಬಳಸಿದ ಮಾನದಂಡ ಯಾವುದು, ಈ ಮಗುವಿಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ವಾಕ್ಯ ಪ್ರತಿ ವರದಿಯಲ್ಲೂ ಇರಬೇಕೆಂಬ ನಿಯಮ ಮಾಡಿ, ಖರ್ಚು ಸೊನ್ನೆ.

ಓದು, ಬರಹ, ಲೆಕ್ಕಗಳಲ್ಲಿ ತೊಡಕು ತರುವ ಕಲಿಕಾ ನ್ಯೂನತೆಯ ವಿಷಯ ಇದಕ್ಕಿಂತಲೂ ಚುಚ್ಚುವಂಥದ್ದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಗುರುತಿಸಿದೆ, ಅದರ ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿಗಳು ದೊರೆಯುತ್ತವೆ. ಜಯನಗರದ ಖಾಸಗಿ ಶಾಲೆಯ ಮಗುವಿಗೆ ಓದಲು ಬಾರದಿದ್ದರೆ ಪರೀಕ್ಷೆ ಮಾಡಿಸಿ ಬನ್ನಿ ಎನ್ನುತ್ತಾರೆ. ಸರ್ಕಾರಿ ಶಾಲೆಯ ಮಗುವಿಗೆ ಓದಲು ಬಾರದಿದ್ದರೆ ದಡ್ಡ ಎಂಬುದೇ ರೋಗನಿರ್ಣಯ. ತಿಂಗಳಿಗೆ ಇಷ್ಟು ಮಕ್ಕಳೆಂದು ಗೊತ್ತುಮಾಡಿಕೊಂಡು, ಹತ್ತಿರದ ಸರ್ಕಾರಿ ಶಾಲೆಗಳಿಗೆ ಹೋಗಿ ಉಚಿತವಾಗಿ ಪರೀಕ್ಷಿಸಿ, ಪ್ರಮಾಣಪತ್ರಕ್ಕಾಗಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸುವ ಕೆಲಸವನ್ನು ನಿಮ್ಮ ಯೋಜನೆಯ ಎರಡನೆಯ ವರ್ಷಕ್ಕೆ ಸೇರಿಸಬಹುದು.

ಲೈಂಗಿಕ ಅಲ್ಪಸಂಖ್ಯಾತರ ವಿಷಯದಲ್ಲಿ ನಿಯಮಗಳ ನಡುವಿನ ಒಂದು ಸಂದನ್ನು ನೀವು ತುಂಬಬೇಕಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಹಿನ್ನೆಲೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಲೈಂಗಿಕ ಒಲವನ್ನು ಬದಲಿಸುವ ಹೆಸರಿನ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ಸಾರಿತು. ಆದರೆ ಆಯೋಗದ ಹಿಡಿತ ವೈದ್ಯರ ಮೇಲೆ ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟರು ಪುನರ್ವಸತಿ ಪರಿಷತ್ತಿನ ಅಡಿ ಬರುತ್ತಾರೆ. ಉಳಿದ ಸಮಾಲೋಚಕರನ್ನು ನಿಯಂತ್ರಣಕ್ಕೆ ತರಲು 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ದಾರಿ ಮಾಡಿದೆ. ಅದು ನೆಲಮಟ್ಟದಲ್ಲಿ ಪೂರ್ತಿ ನೆಲೆಗೊಳ್ಳುವ ತನಕ ಕಾಯದೆ ನಿಮ್ಮ ಸೇವಾ ನಿಯಮಗಳಲ್ಲೇ, ಅಂಥ ಚಿಕಿತ್ಸೆಗೆ ಕೈಹಾಕಿದ ಅಥವಾ ಬೇರೆಡೆಗೆ ಕಳುಹಿಸಿಕೊಟ್ಟ ಸಮಾಲೋಚಕರನ್ನು ಕೆಲಸದಿಂದ ತೆಗೆಯಲಾಗುವುದೆಂದು ಬರೆಯಿರಿ. ಮಗನನ್ನು ಕರೆತಂದು "ಸರಿಮಾಡಿಕೊಡಿ" ಎನ್ನುವ ಪೋಷಕರಿಗೆ ಹೇಗೆ ಉತ್ತರಿಸಬೇಕೆಂಬುದನ್ನು ಸೂಪರ್‌ವಿಷನ್ನಿನಲ್ಲಿ ಅಭ್ಯಾಸ ಮಾಡಿಸಿ. ಆ ಪೋಷಕರೂ ಹೆದರಿದವರೇ, ಅವರನ್ನು ಗದರಿಸಿ ಕಳುಹಿಸಿದರೆ ಹುಡುಗ ಇನ್ನೂ ಕೆಟ್ಟ ಜಾಗಕ್ಕೆ ಹೋಗುತ್ತಾನೆ.

ಕೇಂದ್ರದ ಒಳಗಿನ ದೂರುಗಳ ಬಗ್ಗೆ: ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ವಿಧಿಸುತ್ತದೆ, ನಿಮ್ಮಲ್ಲಿ ಈಗಾಗಲೇ ಇರಬೇಕು. ಜಾತಿ, ಧರ್ಮ, ಅಂಗವೈಕಲ್ಯಗಳ ಕಾರಣಕ್ಕೆ ಸಹೋದ್ಯೋಗಿಗೋ ಕ್ಲೈಂಟಿಗೋ ಆದ ಅವಮಾನವನ್ನು ಕೇಳಲು ಇಂಥದೇ ಸಮಿತಿಯನ್ನು ನೀವಾಗಿಯೇ ರಚಿಸಿ, ಅದರಲ್ಲಿ ಹೊರಗಿನ ಸದಸ್ಯರೊಬ್ಬರಿರಲಿ. ಮನೋರೋಗದ ಅನುಭವವಿರುವವರೊಬ್ಬರನ್ನು ಟ್ರಸ್ಟಿನ ಸಭೆಗೆ, ಮತದ ಹಕ್ಕಿನೊಂದಿಗೆ, ಸೇರಿಸಲು ಕೇಳಿ. ಟ್ರಸ್ಟಿಗಳು ಸಲಹಾ ಸಮಿತಿಯನ್ನು ಒಪ್ಪುತ್ತಾರೆ, ಮತವನ್ನು ಒಪ್ಪಲು ತಡಮಾಡುತ್ತಾರೆ. ಈ ಒಂದು ವಿಷಯದಲ್ಲಿ ನೀವು ಹಟ ಹಿಡಿಯಬೇಕಾಗಬಹುದು.

ಟ್ರಸ್ಟಿಗಳು ಯೋಜನೆಯನ್ನು ಕತ್ತರಿಸಲು ಹೇಳಿದರೆ ಕಾರ್ಯಾಗಾರ, ವಾರ್ಷಿಕ ಸಮ್ಮೇಳನ, ಕಿರುಪುಸ್ತಕಗಳನ್ನು ಬಿಡಿ. ಇಬ್ಬರ ಸ್ಟೈಪೆಂಡ್ ಮತ್ತು ವಾರಕ್ಕೊಮ್ಮೆಯ ಸೂಪರ್‌ವಿಷನ್ ಉಳಿಸಿಕೊಳ್ಳಿ. ಅದರ ಪ್ರಕಟಣೆಯನ್ನು ಕನ್ನಡದಲ್ಲಿ ಬರೆಯಿರಿ, ಸ್ಟೈಪೆಂಡಿನ ಮೊತ್ತವನ್ನು ಮೊದಲ ಸಾಲಿನಲ್ಲೇ ನಮೂದಿಸಿ. ತುಮಕೂರು, ದಾವಣಗೆರೆ, ಕಲಬುರಗಿಗಳಂಥ ಜಿಲ್ಲೆಗಳ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಕಲಿಸುವ ಅಧ್ಯಾಪಕರಿಗೆ, ಅಂತಿಮ ಸೆಮಿಸ್ಟರಿನ ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಚದುರಿಹೋಗುವ ಮೊದಲೇ, ಅದು ಅಂಚೆಯಲ್ಲೂ ವಾಟ್ಸ್ಆ್ಯಪ್‌ನಲ್ಲೂ ತಲುಪಲಿ.